ವಂಶವಾಹಿಗಳ ನೆಲೆ: ಇಲಿಯಲ್ಲಿಯೂ ಮನುಷ್ಯನಲ್ಲಿಯೂ

ಮಗುವು ಹುಟ್ಟಿದೊಡನೆ ಹಿರಿಯರು ತೊಟ್ಟಿಲ ಸುತ್ತ ನೆರೆದು, ಮೂಗು ಅಜ್ಜನದು, ಹಣೆ ತಾಯಿಯದು, ಮೈಬಣ್ಣ ಸೋದರತ್ತೆಯದು ಎಂದು ಹೇಳುವದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಹೋಲಿಕೆಯು ಒಳ್ಳೆಯದಾಗಿದ್ದರೆ ಅದನ್ನು ತಮ್ಮದೆಂದು ಹೇಳಿಕೊಳ್ಳುವವರು ಬಹು ಮಂದಿ. ಆದರೆ ಮಗುವಿನಲ್ಲಿ ಏನಾದರೊಂದು ಕೊರತೆ ಕಂಡುಬಂದರೆ, ಅದು ತಾಯಿಯ ಕಡೆಯಿಂದಲೇ ಬಂತೆಂದು ಬೆರಳು ತೋರಿಸುವವರೇ ಹೆಚ್ಚು. ಒಂದು ಗುಣವು ನಿಜವಾಗಿ ಯಾರಿಂದ ಬರುವದು, ಶರೀರದೊಳಗೆ ಅದರ ನೆಲೆ ಎಲ್ಲಿ ಎಂಬದನ್ನು ವಿಜ್ಞಾನಿಗಳು ನೂರು ವರ್ಷಗಳಿಗೂ ಮಿಕ್ಕಿ ಶೋಧಿಸುತ್ತಾ ಬಂದಿದ್ದಾರೆ. ಆ ಶೋಧನೆಯ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಸಂಕ್ಷೇಪವಾಗಿ ಇಡಬಯಸುತ್ತೇವೆ.

ನಮ್ಮ ಶರೀರವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವಾದ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಕೋಶದ ಕೇಂದ್ರದಲ್ಲಿ ನೂಲಿನ ಎಳೆಗಳಂಥ ವಸ್ತುಗಳಿರುವವು. ಬಣ್ಣ ಹಾಕಿದಾಗ ಇವು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುವದರಿಂದ ಇವುಗಳಿಗೆ ವರ್ಣತಂತುಗಳೆಂದು ಹೆಸರು. ಮನುಷ್ಯನಲ್ಲಿ ಇವು ೪೮ ಇವೆಯೆಂದು ಬಹುಕಾಲ ನಂಬಿದ್ದರು. ೧೯೫೬ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಟಿಯೊ ಮತ್ತು ಲೆವಾನ್ ಎಂಬವರು ಸರಿಯಾಗಿ ಎಣಿಸಿ, ಅವು ೪೬ ಎಂದು ತೋರಿಸಿದರು. ಅಂದರೆ ೨೩ ಜೋಡಿಗಳು. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಕಂದು ಇಲಿಗೆ ೪೨, ಸುಂಡಿಲಿಗೆ ೪೦. ಈ ತಂತುಗಳ ಉದ್ದಕ್ಕೂ ವಂಶವಾಹಿಗಳು ಸಾಲಾಗಿ ನೆಲೆಗೊಂಡಿವೆ. ಶರೀರಕ್ಕೆ ಬೇಕಾದ ಪ್ರೋಟೀನುಗಳನ್ನು ಮಾಡುವ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು ೨೦,೦೦೦. ಇಲಿಯಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ.

ಕಣ್ಣಿಗೆ ಕಾಣದ ವಂಶವಾಹಿಯ ನೆಲೆಯನ್ನು ಕಂಡುಹಿಡಿಯುವದು ಹೇಗೆ? ಹೂವಿನ ಎರಡು ದಂಡೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿರುವದಾಗಿ ಭಾವಿಸೋಣ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಮುಂದಿನ ಸಂತಾನಕ್ಕಾಗಿ ಅಂಡವಾಗಲಿ ವೀರ್ಯಾಣುವಾಗಲಿ ಸಿದ್ಧವಾಗುವಾಗ ಈ ದಂಡೆಗಳೆರಡೂ ಒಂದೇ ಸ್ಥಳದಲ್ಲಿ ತುಂಡಾಗಿ, ಒಂದರ ತುದಿಯು ಇನ್ನೊಂದಕ್ಕೆ ಕೂಡಿಕೊಳ್ಳುವದುಂಟು. ಒತ್ತಿ ಕಟ್ಟಿದ ಎರಡು ಹೂಗಳು ಆಗ ಬೇರೆಯಾಗುವದು ಅಪರೂಪ. ದೂರ ದೂರ ಇರುವ ಹೂಗಳು ಪದೇಪದೇ ಬೇರೆಯಾಗುವವು. ಆದದರಿಂದ ಎರಡು ಗುಣಗಳು ನೂರು ಮರಿಗಳಲ್ಲಿ ಎಷ್ಟು ಸಾರಿ ಅಗಲಿದವೆಂದು ಎಣಿಸಿದರೆ, ಅವುಗಳ ನಡುವಣ ದೂರವು ತಿಳಿಯುವದು. ಅಮೇರಿಕೆಯ ಮಾರ್ಗನ್ ಪಂಡಿತರ ಶಿಷ್ಯನಾದ ಸ್ಟರ್ಟೆವಾಂಟ್ ಎಂಬ ಯುವಕನು ವಿದ್ಯಾರ್ಥಿಯಾಗಿದ್ದಾಗಲೇ ಈ ಯುಕ್ತಿಯನ್ನು ಕಂಡುಕೊಂಡು, ೧೯೧೩ರಲ್ಲಿ ಹಣ್ಣಿನ ನೊಣದ ಒಂದು ವರ್ಣತಂತುವಿನ ನಕ್ಷೆಯನ್ನು ಪ್ರಕಟಿಸಿದನು. ವಂಶವಾಹಿಗಳ ನಕ್ಷೆಗಳಲ್ಲಿ ಅದೇ ಮೊದಲನೆಯದು.

ಎರಡು ವರ್ಷಗಳ ತರುವಾಯ, ೧೯೧೫ರಲ್ಲಿ, ಕ್ಯಾಸಲ್ ಮತ್ತು ರೈಟ್ ಎಂಬವರು ಇಲಿಗಳಲ್ಲಿ ಎರಡು ಗುಣಗಳು ಜೊತೆಜೊತೆಯಾಗಿ ಸಂತತಿಗೆ ಹೋಗುವದನ್ನು ಕಂಡರು. ಎರಡೂ ಕಣ್ಣಿನ ಮತ್ತು ರೋಮದ ಬಣ್ಣವನ್ನು ತಿಳಿಯಾಗಿಸುವ ಗುಣಗಳು: ಒಂದರಿಂದ ಕಣ್ಣು ಕೆಂಪಾಗುವದು, ಇನ್ನೊಂದರಿಂದ ಗುಲಾಬಿಯಾಗುವದು. ಅದೇ ವರ್ಷದಲ್ಲಿ ಇಂಗ್ಲಂಡಿನ ಹಾಲ್ಡೇನ್ ಎಂಬವರು, ತಮ್ಮ ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಇವರೊಡನೆ ಸುಂಡಿಲಿಗಳನ್ನು ಸಾಕಿ ಎಣಿಸಿ, ಗುಲಾಬಿ ಕಣ್ಣಿನ ಗುಣವೂ ಪೂರ್ಣ ವರ್ಣಹೀನತೆಯೂ ಒಂದಕ್ಕೊಂದು ಅಂಟಿಕೊಂಡಿವೆಯೆಂದು ಪ್ರಕಟಿಸಿದರು. ಈ ಹಾಲ್ಡೇನರೇ ೧೯೫೭ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಮನುಷ್ಯನಲ್ಲಿ ಈ ಕೆಲಸವು ಇಲಿಯಲ್ಲಿದ್ದಷ್ಟು ಸುಲಭವಲ್ಲ. ಯಾಕಂದರೆ ಮನುಷ್ಯರಿಗೆ ಮಕ್ಕಳು ಕೆಲವರೇ, ಒಂದು ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷ ಬೇಕು. ಹೀಗಿದ್ದರೂ ಒಂದು ದಾರಿ ಮೊದಲೇ ತೆರೆದಿತ್ತು. ಹೆಣ್ಣಿನಲ್ಲಿ ಎಕ್ಸ್ ಎಂಬ ವರ್ಣತಂತು ಎರಡು. ಗಂಡಿನಲ್ಲಿ ಎಕ್ಸ್ ಒಂದು, ವೈ ಒಂದು. ಬಣ್ಣಗುರುಡು ಹೆಚ್ಚಾಗಿ ಗಂಡುಮಕ್ಕಳಲ್ಲಿಯೇ ಕಾಣುವದನ್ನೂ, ತಂದೆಯಿಂದ ನೇರವಾಗಿ ಮಗನಿಗೆ ಹೋಗದಿರುವದನ್ನೂ ವಿಚಾರಿಸಿ, ೧೯೧೧ರಲ್ಲಿ ವಿಲ್ಸನ್ ಎಂಬ ವಿದ್ವಾಂಸರು ಅದರ ನೆಲೆಯು ಎಕ್ಸ್ ತಂತುವೇ ಎಂದು ಹೇಳಿದರು. ೧೯೩೭ರಲ್ಲಿ ಜೂಲಿಯಾ ಬೆಲ್ ಎಂಬ ವಿದುಷಿಯು ಹಾಲ್ಡೇನರೊಂದಿಗೆ ಅನೇಕ ಕುಟುಂಬಗಳ ವಂಶಾವಳಿಗಳನ್ನು ಪರಿಶೀಲಿಸಿ, ರಕ್ತವು ಹೆಪ್ಪುಗಟ್ಟದ ರೋಗವೂ ಬಣ್ಣಗುರುಡೂ ಆ ತಂತುವಿನ ಮೇಲೆ ನೆರೆಹೊರೆಯಲ್ಲಿವೆಯೆಂದು ತೋರಿಸಿದರು. ಉಳಿದ ೨೨ ಜೋಡಿಗಳಲ್ಲಿ ಒಂದರ ಮೇಲೆ ಮೊದಲನೆಯ ವಂಶವಾಹಿಯು ಗೊತ್ತಾದದ್ದು ೧೯೬೮ರಲ್ಲಿ. ಬಾಲ್ಟಿಮೋರಿನ ಡೊನಹ್ಯೂ ಎಂಬ ವಿದ್ಯಾರ್ಥಿಯು ತನ್ನ ವರ್ಣತಂತುಗಳನ್ನೇ ನೋಡಿ, ೧ನೆಯ ಜೋಡಿಯಲ್ಲಿ ಒಂದು ವಾಡಿಕೆಗಿಂತ ಉದ್ದವಾಗಿರುವದನ್ನು ಕಂಡನು. ತನ್ನ ಬಂಧುಗಳನ್ನೆಲ್ಲಾ ಪರೀಕ್ಷಿಸಿದಾಗ, ಆ ಉದ್ದ ತಂತುವೂ ಡಫಿ ಎಂಬ ರಕ್ತದ ಗುಂಪೂ ಕೂಡಿಯೇ ನಡೆದುಬಂದದ್ದು ಗೊತ್ತಾಯಿತು.

ಇಷ್ಟರಲ್ಲಿಯೇ ಇನ್ನೊಂದು ಉಪಾಯವೂ ಹುಟ್ಟಿತ್ತು. ೧೯೬೭ರಲ್ಲಿ ಮೇರಿ ವೈಸ್ ಮತ್ತು ಹಾವರ್ಡ್ ಗ್ರೀನ್ ಎಂಬವರು ಮನುಷ್ಯನ ಕೋಶವನ್ನೂ ಸುಂಡಿಲಿಯ ಕೋಶವನ್ನೂ ಗಾಜಿನ ಪಾತ್ರೆಯಲ್ಲಿ ಒಂದುಗೂಡಿಸಿದರು. ಆ ಬೆರಕೆ ಕೋಶವು ಬೆಳೆಯುತ್ತಾ ಹೋದಂತೆ ಮನುಷ್ಯನ ವರ್ಣತಂತುಗಳು ಒಂದೊಂದಾಗಿ ಕಳೆದುಹೋದವು. ಆ ಸುಂಡಿಲಿಯ ಕೋಶಕ್ಕೆ ಥೈಮಿಡಿನ್ ಕೈನೇಸ್ ಎಂಬ ಕಿಣ್ವವಿರಲಿಲ್ಲ. ಅದಿಲ್ಲದೆ ಬದುಕಲಾಗದಂಥ ದ್ರವದಲ್ಲಿ ಬೆಳೆಸಿದಾಗ, ಉಳಿದುಕೊಂಡ ಕೋಶಗಳಲ್ಲೆಲ್ಲಾ ಮನುಷ್ಯನ ಒಂದು ತಂತು ಮಾತ್ರ ತಪ್ಪದೆ ಇತ್ತು. ಅದು ೧೭ನೆಯದೆಂದು ತರುವಾಯ ಗೊತ್ತಾಯಿತು. ಆ ಕಿಣ್ವದ ನೆಲೆಯು ಅಲ್ಲಿಯೇ ಎಂದು ಬೇರೆ ಹೇಳಬೇಕಾಗಿಲ್ಲ. ೧೯೮೦ರ ದಶಕದಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ಇಲಿಯ ಮತ್ತು ಸುಂಡಿಲಿಯ ಕೋಶಗಳನ್ನು ಕೂಡಿಸಿ, ಇದೇ ಉಪಾಯದಿಂದ ಇಲಿಯ ಅನೇಕ ವಂಶವಾಹಿಗಳ ನೆಲೆಯನ್ನು ಗೊತ್ತುಮಾಡಿದರು.

ಹೀಗೆ ಎರಡು ನಕ್ಷೆಗಳು ಸಿದ್ಧವಾದಾಗ ಅವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವದು ಸಾಧ್ಯವಾಯಿತು. ಮನುಷ್ಯನ ೧೭ನೆಯ ತಂತುವಿನಲ್ಲಿರುವ ವಂಶವಾಹಿಗಳು ಇಲಿಯ ೧೦ನೆಯ ತಂತುವಿನಲ್ಲಿ ಕೂಡಿಯೇ ಇವೆ. ಇದರಿಂದಾಗುವ ಪ್ರಯೋಜನ ದೊಡ್ಡದು. ಹೇಗೆಂದರೆ, ೧೯೯೧ರಲ್ಲಿ ರಕ್ತದೊತ್ತಡದ ರೋಗವುಳ್ಳ ಒಂದು ಇಲಿಯ ತಳಿಯಲ್ಲಿ ರೋಗದ ಒಂದು ಕಾರಣವು ಆ ೧೦ನೆಯ ತಂತುವಿನಲ್ಲಿದೆಯೆಂದು ಕಂಡುಬಂದಾಗ, ಮನುಷ್ಯನಲ್ಲಿ ೧೭ನೆಯದನ್ನು ಹುಡುಕಬೇಕೆಂದು ಕೂಡಲೆ ತಿಳಿಯಿತು. ೨೦೦೧ರಲ್ಲಿ ಮನುಷ್ಯನ ಮತ್ತು ೨೦೦೪ರಲ್ಲಿ ಇಲಿಯ ಸಮಗ್ರ ವಂಶಲಿಪಿಯ ಕರಡುಗಳು ಪ್ರಕಟವಾದ ಮೇಲೆ ಈ ಹೋಲಿಕೆಯು ಇನ್ನೂ ಸ್ಪಷ್ಟವಾಯಿತು.

ಆದರೆ ಎಲ್ಲಾ ತಂತುಗಳೂ ಹೀಗೆ ಇಡಿಯಾಗಿ ಉಳಿದಿಲ್ಲ. ವರ್ಣಹೀನತೆಯ ವಂಶವಾಹಿಯೂ ಗುಲಾಬಿ ಕಣ್ಣಿನ ವಂಶವಾಹಿಯೂ ಇಲಿಯಲ್ಲಿ ೧ನೆಯ ತಂತುವಿನ ಮೇಲಿವೆ. ಮನುಷ್ಯನಲ್ಲಾದರೋ ಮೊದಲನೆಯದು ೧೧ನೆಯ ತಂತುವಿನಲ್ಲಿ, ಎರಡನೆಯದು ೧೫ನೆಯದರಲ್ಲಿ. ಇವೆರಡರಲ್ಲಿ ಯಾವದು ಕೆಟ್ಟರೂ ಮಗುವಿನ ಚರ್ಮ, ಕೂದಲು, ಕಣ್ಣುಗಳಲ್ಲಿ ಬಣ್ಣವು ತೀರ ಕಡಿಮೆಯಾಗುವದು. ಇಂಥ ಇಬ್ಬರು ವಿವಾಹವಾದರೆ ಮಕ್ಕಳೆಲ್ಲರೂ ಹಾಗೆಯೇ ಹುಟ್ಟುವರೆಂದು ಎಣಿಸುವದು ಸಹಜ. ಆದರೆ ೧೯೫೨ರಲ್ಲಿ ಇಂಗ್ಲಂಡಿನಲ್ಲಿ ಇಂಥ ಒಬ್ಬ ದಂಪತಿಗಳ ನಾಲ್ವರು ಮಕ್ಕಳೂ ಸಾಮಾನ್ಯ ಬಣ್ಣದವರಾಗಿದ್ದದ್ದು ವರದಿಯಾಯಿತು. ತಂದೆಯ ಕೊರತೆ ಒಂದು ವಂಶವಾಹಿಯಲ್ಲಿ, ತಾಯಿಯದು ಬೇರೊಂದರಲ್ಲಿ. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ಮಕ್ಕಳಿಗೆ ಕೊಟ್ಟರು.

ಇನ್ನು ಈ ವಿಷಯವು ನಮ್ಮ ಮನೆಗಳಿಗೆ ಏನು ಕಲಿಸುವದೆಂಬದನ್ನು ನೋಡೋಣ. ಬಣ್ಣವಿಲ್ಲದ ಮಗು ಹುಟ್ಟಿದಾಗ, ತಾಯಿಯು ಗ್ರಹಣವನ್ನು ನೋಡಿದಳು, ಬೇಡವಾದದ್ದನ್ನು ತಿಂದಳು ಎಂದು ಹೇಳುವವರುಂಟು. ಇದು ಸುಳ್ಳು. ಅಂಥ ಮಗುವಿಗೆ ಸಾಮಾನ್ಯವಾಗಿ ಕೆಟ್ಟ ವಂಶವಾಹಿಯ ಒಂದು ಪ್ರತಿಯು ತಂದೆಯಿಂದಲೂ ಒಂದು ತಾಯಿಯಿಂದಲೂ ಬಂದಿರುವದು. ಒಂದೇ ಪ್ರತಿಯುಳ್ಳವರಲ್ಲಿ ಕೊರತೆಯು ಹೊರಗೆ ಕಾಣದು. ಇಂಥ ಇಬ್ಬರು ಕೂಡಿದಾಗ ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವ ಉಂಟು. ಬಣ್ಣಗುರುಡಿನಂಥ ಕೊರತೆಯು ಮಗನಿಗೆ ತಾಯಿಯಿಂದ ಬರುವದು ನಿಜ. ಆದರೆ ಅವಳು ಅದನ್ನು ಬಯಸಿ ಕೊಟ್ಟದ್ದಲ್ಲ, ಅನೇಕ ವೇಳೆ ತನ್ನ ತಂದೆತಾಯಿಗಳಿಂದಲೇ ಪಡೆದದ್ದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿರುವದರಿಂದ, ಒಂದೇ ಮನೆತನದ ಅಡಗಿದ ಪ್ರತಿಗಳು ಎರಡೂ ಕಡೆಯಿಂದ ಬಂದು ಕೂಡುವದು ಹೆಚ್ಚು. ಕುಟುಂಬದಲ್ಲಿ ಇಂಥ ಕೊರತೆಯಿರುವ ಪಾಲಕರು ಸಂಬಂಧವನ್ನು ಗೊತ್ತುಮಾಡುವ ಮೊದಲು ತಿಳಿದ ವೈದ್ಯರನ್ನು ವಿಚಾರಿಸಬೇಕೆಂದು ವಿನಯದಿಂದ ಸೂಚಿಸುತ್ತೇವೆ.

ಬಣ್ಣವಿಲ್ಲದ ಮಗುವಿನ ಬುದ್ಧಿಗೆ ಅದರಿಂದ ಯಾವ ಕುಂದೂ ಇಲ್ಲ. ದೃಷ್ಟಿಯು ಮಂದವಾಗಿರುವದು, ಬಿಸಿಲನ್ನು ಚರ್ಮವು ತಾಳದು. ಅಂಥ ಹುಡುಗಿಗೆ ಬೇಕಾದದ್ದು ಮುಂದಿನ ಬೆಂಚಿನಲ್ಲಿ ಸ್ಥಳ, ಕನ್ನಡಕ, ತುಂಬುತೋಳಿನ ಉಡುಪು ಮತ್ತು ಒಂದು ಕೊಡೆ. ಅವಳನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಗೆ ಇರಿಸುವದೂ ಶಾಲೆ ಬಿಡಿಸುವದೂ ಅನ್ಯಾಯವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವರು. ತೊಟ್ಟಿಲ ಬಳಿಯಲ್ಲಿ ಯಾರಾದರೂ ಬಾಣಂತಿಯ ಮೇಲೆ ತಪ್ಪು ಹೊರಿಸುವಾಗ, ಅಲ್ಲಿ ಕುಳಿತು ಈ ಸಂಗತಿಯನ್ನು ಸಮಾಧಾನದಿಂದ ವಿವರಿಸಿ ಹೇಳಬಲ್ಲವರು ನೀವೇ.