ಕಾರ್ತೀಕದಿಂದ ಸಂಕ್ರಾಂತಿಯವರೆಗೆ: ಮಲ್ಲೇಶ್ವರದ ಚಳಿಗಾಲದ ಊಟ

ನವೆಂಬರ್ ಬಂತೆಂದರೆ ಮಲ್ಲೇಶ್ವರದಲ್ಲಿ ಹೊಸದಾಗಿ ಮನೆ ಮಾಡಿದವರು ಕೇಳುವ ಪ್ರಶ್ನೆ ಒಂದೇ: ನೆಗಡಿ, ಕೆಮ್ಮು ಬಾರದಂತೆ ಏನು ತಿನ್ನಬೇಕು? ಪುಡಿ, ಮಾತ್ರೆಗಳ ಹೆಸರು ಬರೆದುಕೊಳ್ಳುವ ಮೊದಲು ಎಂಟನೇ ಕ್ರಾಸಿನ ತರಕಾರಿ ಮಾರುವವರ ಮುಂದೆ ಒಮ್ಮೆ ನಿಂತು ನೋಡಿ. ಈ ಕಾಲಕ್ಕೆ ಬೇಕಾದದ್ದು ಬಹುಪಾಲು ಅಲ್ಲೇ ಸಿಗುತ್ತದೆ.

ಮೊದಲು ಒಂದು ವಿಷಯ. ನೆಗಡಿ ಬರುವುದು ವೈರಸ್ಸಿನಿಂದ. ಯಾವ ಆಹಾರವೂ ಅದನ್ನು ಮೈಗೆ ಸೋಕದಂತೆ ತಡೆಯಲಾರದು. ಆದರೆ ಅದರೊಡನೆ ಸೆಣಸುವ ಬಿಳಿ ರಕ್ತಕಣಗಳು ಬೆಳೆಯಲು, ಪ್ರತಿಕಾಯಗಳು ತಯಾರಾಗಲು ಪ್ರೋಟೀನು, ಸತು, ಕಬ್ಬಿಣ, ಜೀವಸತ್ವಗಳು ದಿನದಿನವೂ ಬೇಕು. ನಮ್ಮ ಹಬ್ಬಗಳ ಸಾಲು ಇವನ್ನು ಒಂದೊಂದಾಗಿ ಎಲೆಗೆ ತರುತ್ತದೆ.

ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕ ನೆಲ್ಲಿ ಕೊಂಬೆ ನೆಡುತ್ತೇವೆ. ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ. ಬಿಸಿ ತಾಗಿದರೆ ಅದು ಕಡಿಮೆಯಾಗುತ್ತದೆ. ಹಾಗಾಗಿ ತುರಿದು ಮೊಸರಿಗೆ ಕಲಸಿ, ಚಿತ್ರಾನ್ನಕ್ಕಾದರೆ ಒಲೆ ಆರಿಸಿದ ಮೇಲೆ ಬೆರೆಸಿ. ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2013ರ ಕಾಕ್ರೇನ್ ವರದಿಯಂತೆ, ದಿನವೂ ಸಿ ಜೀವಸತ್ವ ತೆಗೆದುಕೊಂಡ ದೊಡ್ಡವರಲ್ಲಿ ನೆಗಡಿಯ ಅವಧಿ ಸುಮಾರು ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ತಗ್ಗಿತು. ನೆಗಡಿ ಹಿಡಿದ ಮೇಲೆ ಶುರು ಮಾಡಿದವರಿಗೆ ಅಂಥ ಪ್ರಯೋಜನ ಖಚಿತವಾಗಿ ಕಾಣಲಿಲ್ಲ. ಎಂದರೆ ಮೂಗು ಸೋರುವವರೆಗೆ ಕಾಯಬಾರದು.

ಕಾರ್ತೀಕ ಸೋಮವಾರದ ಕಡಲೆಕಾಯಿ ಪರಿಷೆ ಬಸವನಗುಡಿಯದು ಹೆಸರಾಂತದ್ದು. ಬೇಯಿಸಿದ ಒಂದು ಹಿಡಿ ಕಡಲೆಕಾಯಿ ಸಂಜೆಯ ಒಳ್ಳೆಯ ತಿಂಡಿ. ಅದರ ಬೆನ್ನಿಗೇ ಅವರೆಕಾಯಿ ಬರುತ್ತದೆ. ಸೊಗಡಿರುವ ಕಾಯಿಯನ್ನೇ ಆರಿಸಿ. ಕಾಳು ಬಿಡಿಸಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳಲ್ಲಿ ಹಿತುಕಿದರೆ ಸಿಪ್ಪೆ ಜಾರಿ ಬೇಳೆ ಹೊರಬರುತ್ತದೆ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಧಾರಾಳವಾಗಿರಲಿ. ಧಾನ್ಯ, ಬೇಳೆಗಳಲ್ಲಿರುವ ಕಬ್ಬಿಣ ಮತ್ತು ಸತು ದೇಹಕ್ಕೆ ಹೆಚ್ಚು ದಕ್ಕುವಂತೆ ಇವೆರಡೂ ಮಾಡುತ್ತವೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ.

ನನಗೆ ಇವೆಲ್ಲದರಲ್ಲಿ ಹೆಚ್ಚಿನದು ಧನುರ್ಮಾಸದ ಹುಗ್ಗಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ದೇವಸ್ಥಾನಗಳಲ್ಲಿ ಬೆಳಗಿನ ಜಾವದ ಪೂಜೆ ಮುಗಿದ ಮೇಲೆ ದೊನ್ನೆಯಲ್ಲಿ ಬಿಸಿಬಿಸಿ ಸಿಗುತ್ತದೆ. ಮನೆಯಲ್ಲಿ ಮಾಡುವುದೂ ಸುಲಭ: ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಹೆಸರುಬೇಳೆ. ಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ಅಕ್ಕಿಯೊಡನೆ ಮೆತ್ತಗೆ ಬೇಯಿಸಿ. ತುಪ್ಪದಲ್ಲಿ ಮೆಣಸು, ಜೀರಿಗೆ, ಶುಂಠಿ, ಕರಿಬೇವಿನ ಒಗ್ಗರಣೆ ಹಾಕಿ, ಮೇಲೆ ಕೊಬ್ಬರಿ ತುರಿ ಉದುರಿಸಿ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಎರಡೂ ಕೂಡಿದಾಗ ಪ್ರೋಟೀನು ಪೂರ್ಣವಾಗುತ್ತದೆ, ಪ್ರತಿಕಾಯಗಳೂ ಪ್ರೋಟೀನುಗಳೇ. ಜ್ವರದಲ್ಲಿ ಬಾಯಿ ಕೆಟ್ಟವರಿಗೂ ಇದು ಗಂಟಲಲ್ಲಿ ಇಳಿಯುತ್ತದೆ.

ಅರಿಶಿನದ ಹಾಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಕಡಿಮೆ. ಮೆಣಸಿನ ಪೈಪರಿನ್ ಜೊತೆಗೆ ಕೊಟ್ಟರೆ ಅದು ಬಹಳ ಪಟ್ಟು ಹೆಚ್ಚುತ್ತದೆಂದು ತೋರಿಸಿದ 1998ರ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ಆದರೆ ಅಲ್ಲಿ ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನದಲ್ಲಿ ಅದು ಶೇ. 3ರ ಆಸುಪಾಸು ಇರುವುದರಿಂದ, ಅಷ್ಟು ಸಿಗಬೇಕಾದರೆ ಅರವತ್ತು ಗ್ರಾಂಗೂ ಹೆಚ್ಚು ಪುಡಿ ಬೇಕು. ಚಿಟಿಕೆ ಅರಿಶಿನದ ಹಾಲು ಗಂಟಲಿಗೆ ಹಿತ. ಅದನ್ನು ಔಷಧವೆಂದು ನಂಬಿ ಕೂರಬೇಡಿ. ಮೆಣಸಿನ ಸಾರು, ಶುಂಠಿ ಕಷಾಯ, ದೊಡ್ಡಪತ್ರೆ ತಂಬುಳಿಗೂ ಇದೇ ಮಾತು.

ಇನ್ನೊಂದು ಸಂಗತಿ ಊಟದ್ದಲ್ಲ, ಆದರೂ ಹೇಳಲೇಬೇಕು. ಮಲ್ಲೇಶ್ವರ ತುಂಬಿಕೊಂಡದ್ದೇ 1898ರ ಪ್ಲೇಗಿನ ನಂತರ, ಇಕ್ಕಟ್ಟಾದ ಪೇಟೆಯಿಂದ ಜನ ಗಾಳಿ ಬೆಳಕಿರುವ ಜಾಗಕ್ಕೆ ಬಂದಾಗ. ಚಳಿಯೆಂದು ಬಾಗಿಲು, ಕಿಟಕಿ ಹಾಕಿಕೊಂಡು ಒಟ್ಟಿಗೆ ಕೂತರೆ ವೈರಸ್ ಒಬ್ಬರಿಂದೊಬ್ಬರಿಗೆ ಬೇಗ ಹಬ್ಬುತ್ತದೆ. ಹಗಲು ಒಂದಿಷ್ಟು ಹೊತ್ತು ಕಿಟಕಿ ತೆರೆದಿಡಿ.

ಮನೆಯಲ್ಲಿ ಕೂಸಿದ್ದರೆ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಜ್ವರ ಮೂರು ದಿನ ಕಳೆದರೂ ಇಳಿಯದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ಕಷಾಯ ಬದಿಗಿಟ್ಟು ಡಾಕ್ಟರ ಬಳಿ ಹೋಗಿ.