ಹೆಸರಿನೊಳಗಿನ ತೆರಪು

ಹಳೆಯ ಶಾಸನಗಳನ್ನೂ ಓಲೆಗರಿಗಳನ್ನೂ ಕಂಡವರು ಬಲ್ಲರು. ಅವುಗಳಲ್ಲಿ ಪದಪದಗಳ ನಡುವೆ ತೆರಪಿಲ್ಲ. ಹಲ್ಮಿಡಿಯ ಶಾಸನವನ್ನು ಓದುವವನು ತಾನೇ ಪದಚ್ಛೇದ ಮಾಡಿಕೊಳ್ಳಬೇಕು. ಬಿಡಿಸುವ ಎಡೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಕಂಪ್ಯೂಟರಿಗೆ ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದುಕೊಡುವಾಗ ಇದಕ್ಕೆ ವಿರುದ್ಧವಾದ ತೊಡಕು ಒದಗುತ್ತದೆ. ಅಲ್ಲಿ ಯಂತ್ರವು ತೆರಪು ಕಂಡಲ್ಲೆಲ್ಲ ತಾನೇ ಪದಚ್ಛೇದ ಮಾಡಿಬಿಡುತ್ತದೆ.

ಬೇರಿಕೆಯ ಶಾಲೆಯೊಂದರಲ್ಲಿ ‘ಅಂಕಪಟ್ಟಿ’ ಎಂದೂ ‘ಹಳೆಯ ಅಂಕಪಟ್ಟಿ’ ಎಂದೂ ಎರಡು ಫೈಲುಗಳಿವೆ ಎಂದು ಭಾವಿಸೋಣ. ಲಿನಕ್ಸ್ ವ್ಯವಸ್ಥೆಯಲ್ಲಿ ಅಳಿಸುವ ಆಜ್ಞೆಯಾದ ‘ಆರ್‌ಎಂ’ ಎಂಬುದರ ಮುಂದೆ ಹಳೆಯ ಅಂಕಪಟ್ಟಿ ಎಂದು ಬರೆದರೆ, ಯಂತ್ರವು ಎರಡು ಹೆಸರುಗಳನ್ನು ಕಾಣುತ್ತದೆ. ‘ಹಳೆಯ’ ಎಂಬ ಫೈಲು ಇಲ್ಲವೆಂದು ದೂರಿ, ಬಳಿಕ ಈ ವರ್ಷದ ‘ಅಂಕಪಟ್ಟಿ’ಯನ್ನು ಅಳಿಸಿಹಾಕುತ್ತದೆ. ಅಳಿಯಬೇಕಾದದ್ದು ಉಳಿಯಿತು, ಉಳಿಯಬೇಕಾದದ್ದು ಅಳಿಯಿತು!

ಇದು ಬರಿಯ ಕಲ್ಪನೆಯಲ್ಲ. 2001ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ 2 ಹೊರಬಂದಾಗ, ಅದನ್ನು ಸ್ಥಾಪಿಸುವ ಆಜ್ಞೆಗಳಲ್ಲಿ ಡಿಸ್ಕಿನ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಹೆಸರಿನಲ್ಲಿ ತೆರಪಿದ್ದ ಕೆಲವರ ಡಿಸ್ಕುಗಳಲ್ಲಿದ್ದ ಮಾಹಿತಿಯೇ ಅಳಿಸಿಹೋಯಿತು. ಸಂಸ್ಥೆಯು ಅದನ್ನು ಹಿಂತೆಗೆದುಕೊಂಡು ತಿದ್ದಿದ 2.0.1ನ್ನು ಹೊರಡಿಸಿತು.

ಪರಿಹಾರವು ಸುಲಭವಾದುದೇ. ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು; ಇಲ್ಲವೆ ಲಿನಕ್ಸಿನಲ್ಲಾದರೆ ತೆರಪಿನ ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಇಡಬೇಕು. ವಿಂಡೋಸಿನಲ್ಲಿ ಬ್ಯಾಕ್‌ಸ್ಲ್ಯಾಷ್ ಎಂಬುದು ಫೋಲ್ಡರುಗಳನ್ನು ಬೇರ್ಪಡಿಸುವ ಗುರುತಾದುದರಿಂದ ಅಲ್ಲಿ ಉದ್ಧರಣ ಚಿಹ್ನೆಯೇ ಗತಿ. 1995ರ ವಿಂಡೋಸ್ 95ರಲ್ಲಿ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಮುಖ್ಯ ಫೋಲ್ಡರಿನ ಹೆಸರಿನಲ್ಲಿಯೇ ತೆರಪನ್ನಿಟ್ಟರು. ಆ ಉಪಕಾರವನ್ನು ಇಂದಿಗೂ ಎಲ್ಲರೂ ಅನುಭವಿಸುತ್ತಿದ್ದೇವೆ.

ನಿಜವಾದ ಸೂಕ್ಷ್ಮವಿರುವುದು ಸಂರಚನಾ ಫೈಲುಗಳಲ್ಲಿ. ಗಿಟ್ ಎಂಬ ಸಾಧನಕ್ಕೆ, ನಾವು ಬಳಸುವ ಬರಹದ ತಂತ್ರಾಂಶವು ‘ಪ್ರೋಗ್ರಾಮ್ ಫೈಲ್ಸ್’ನಲ್ಲಿ ಇದೆಯೆಂದು ತಿಳಿಸಬೇಕಾಗಿದೆ ಎನ್ನೋಣ. ದಾರಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು ನಾವು ನಿಶ್ಚಿಂತರಾಗುತ್ತೇವೆ. ಆದರೂ ಕೆಲಸ ನಡೆಯದು. ಏಕೆಂದರೆ ಆ ಬರಹವನ್ನು ಓದುವವರು ಇಬ್ಬರು. ಮೊದಲು ಗಿಟ್ ಓದಿ, ಚಿಹ್ನೆಗಳನ್ನು ಸುಲಿದುಹಾಕುತ್ತದೆ. ಉಳಿದ ತಿರುಳು ಶೆಲ್ ಎಂಬ ಎರಡನೆಯ ಓದುಗನ ಕೈಗೆ ಬರುವಾಗ ತೆರಪು ಮತ್ತೆ ಬಯಲಾಗಿರುತ್ತದೆ. ಆದುದರಿಂದ ಹೊರಗೆ ಜೋಡಿ ಚಿಹ್ನೆ, ಒಳಗೆ ಒಂಟಿ ಚಿಹ್ನೆ, ಹೀಗೆ ಎರಡು ಹೊದಿಕೆ ಬೇಕು. ತೆಂಗಿನಕಾಯಿಗೆ ನಾರೂ ಇದೆ, ಕರಟವೂ ಇದೆಯಲ್ಲವೆ?

ಎಲ್ಲ ಫೈಲುಗಳೂ ಒಂದೇ ನಿಯಮಕ್ಕೆ ಒಳಪಟ್ಟಿಲ್ಲ. ಲಿನಕ್ಸಿನ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ ತೆರಪಿನ ಬದಲು ಬ್ಯಾಕ್‌ಸ್ಲ್ಯಾಷ್ ಇಟ್ಟು 040 ಎಂದು ಬರೆಯುತ್ತಾರೆ. ತೆರಪಿನ ಕ್ರಮಸಂಖ್ಯೆ 32. ಎಂಟರ ಎಣಿಕೆಯಲ್ಲಿ ಅದು 40.

ಮತ್ತೊಂದು ಮಾತು. ಪತ್ರ ಬರೆಯುವ ತಂತ್ರಾಂಶಗಳು ಉದ್ಧರಣ ಚಿಹ್ನೆಯನ್ನು ಅಂದಕ್ಕಾಗಿ ಬಾಗಿಸಿಬಿಡುತ್ತವೆ. ಈ ಪುಟದಲ್ಲಿರುವುವೂ ಅಂಥವೇ. ಶೆಲ್ ಅವನ್ನು ಉದ್ಧರಣ ಚಿಹ್ನೆಯೆಂದು ಒಪ್ಪದು. ಕೀಲಿಮಣೆಯ ನೇರ ಚಿಹ್ನೆಯನ್ನೇ ಒತ್ತಬೇಕು.

ವಿದ್ಯಾರ್ಥಿಗಳು ಒಂದು ಹೊಸ ಫೋಲ್ಡರಿನಲ್ಲಿ ಮೇಲೆ ಹೇಳಿದ ಎರಡು ಹೆಸರಿನ ಖಾಲಿ ಫೈಲುಗಳನ್ನು ಮಾಡಿಕೊಂಡು, ಅಳಿಸುವ ಆಜ್ಞೆಯನ್ನು ಮೊದಲು ಚಿಹ್ನೆಯಿಲ್ಲದೆ, ಫೈಲುಗಳನ್ನು ಮತ್ತೆ ಮಾಡಿಕೊಂಡು ಚಿಹ್ನೆಯೊಡನೆ ಕೊಟ್ಟು, ಪ್ರತಿಸಲವೂ ಏನು ಉಳಿಯಿತೆಂದು ಬರೆದಿಡಲಿ.