ಹಳೆಯ ‘ಸೆಲ್ಫ್’ ಖರೀದಿ: ಯಂತ್ರವನ್ನೂ ಬಿಲ್ಲನ್ನೂ ಪರೀಕ್ಷಿಸಿರಿ

ಬೀದರ್, ಭಾಲ್ಕಿ, ಔರಾದ್‌ಗಳ ವರ್ತಕ ಬಂಧುಗಳಲ್ಲಿ ಅನೇಕರು ಸರಕು ಸಾಗಣೆಗೆ ಸ್ವಂತ ವಾಹನ ಹೊಂದಿದ್ದಾರೆ. ಚಳಿಗಾಲದ ಮುಂಜಾನೆ ಅದು ಚಾಲೂ ಆಗದಿದ್ದರೆ ಆ ದಿನದ ವಹಿವಾಟೇ ನಿಲ್ಲುತ್ತದೆ. ಆಗ ಅವಸರದಲ್ಲಿ ಗುಜರಿಯ ಸ್ಟಾರ್ಟರ್ ಮೋಟಾರ್, ಅಂದರೆ ‘ಸೆಲ್ಫ್’, ಕೊಳ್ಳುವುದುಂಟು.

1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ವಿದ್ಯುತ್ ಸ್ಟಾರ್ಟರ್, ಹ್ಯಾಂಡಲ್ ತಿರುಗಿಸುವ ಶ್ರಮವನ್ನು ತಪ್ಪಿಸಿತು. ಕೀಲಿ ತಿರುಗಿಸಿದೊಡನೆ ಸಾಲಿನಾಯ್ಡ್ ಎಂಬ ಭಾಗವು ಸಣ್ಣ ಹಲ್ಲುಚಕ್ರವನ್ನು ಮುಂದೂಡಿ ಫ್ಲೈವೀಲಿನ ಹಲ್ಲುಗಳಿಗೆ ಜೋಡಿಸುತ್ತದೆ. ಬ್ಯಾಟರಿಯಿಂದ ಭಾರೀ ವಿದ್ಯುತ್ತು ಹರಿದು ಮೋಟಾರು ಇಂಜಿನ್ನನ್ನು ತಿರುಗಿಸುತ್ತದೆ.

ಆದುದರಿಂದ ಮೊದಲು ಬ್ಯಾಟರಿ, ಟರ್ಮಿನಲ್, ಅರ್ತ್ ತಂತಿಗಳನ್ನು ಪರೀಕ್ಷಿಸಿರಿ. ದೋಷ ಅಲ್ಲಿಯೇ ಇದ್ದರೆ ಮೋಟಾರಿನ ವೆಚ್ಚ ವ್ಯರ್ಥ. ಹಳೆಯದನ್ನೇ ಕೊಳ್ಳುವುದಾದರೆ ಹಲ್ಲುಗಳ ಸಂಖ್ಯೆ, ತಿರುಗುವ ದಿಕ್ಕು, ವೋಲ್ಟೇಜ್ ತಾಳೆಯಾಗಬೇಕು. ಕಾರ್ಬನ್ ಬ್ರಷ್, ಬುಷ್‌ಗಳ ಸವೆತ ನೋಡಬೇಕು. ಅಂಗಡಿಯಲ್ಲಿ ಬರಿದೆ ತಿರುಗಿದ ಮೋಟಾರು ಇಂಜಿನ್ನಿನ ಭಾರ ಹೊರಲಾರದೆ ಹೋಗಬಹುದು. ಆದಕಾರಣ ವಾಪಸಾತಿಯ ಅವಧಿಯನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿರಿ.

ಇನ್ನು ಲೆಕ್ಕದ ಮಾತು. ಹಳೆಯ ಸರಕಿನ ನೋಂದಾಯಿತ ವ್ಯಾಪಾರಿಯು ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಜಿ.ಎಸ್.ಟಿ. ನಿಯಮ 32(5)ರಂತೆ ಲಾಭಾಂಶದ ಮೇಲಷ್ಟೇ ತೆರಿಗೆ ತೆರಬಹುದು. ಉದಾಹರಣೆಗೆ, ರೂ. 2,000ಕ್ಕೆ ಕೊಂಡು ರೂ. 2,600ಕ್ಕೆ ಮಾರಿದರೆ ತೆರಿಗೆಯು ರೂ. 600ರ ಮೇಲೆ ಮಾತ್ರ. ಆದರೆ ಖರೀದಿಯ ದಾಖಲೆ ಇಲ್ಲದವನು ಈ 600ನ್ನು ಸಾಬೀತುಪಡಿಸುವುದೆಂತು? ಕೊಳ್ಳುವವನಿಗೂ ಅಷ್ಟೇ: ಬಿಲ್ಲಿಲ್ಲದಿದ್ದರೆ ವೆಚ್ಚಕ್ಕೂ ಆಧಾರವಿಲ್ಲ, ವಾಪಸಾತಿಗೂ ಆಧಾರವಿಲ್ಲ.